ಹನ್ನೊಂದು ದಿನ ಬೀರುವಿನಲ್ಲಿದ್ದ ಕಾಲು

ಅಂಗಡಿಯ ಮೇಲಿನ ಕೋಣೆಯಿಂದ,
ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ

ಪ್ರೀತಿಯ ಮಗನೇ,

ನಾನು ನಿನ್ನ ಅಮ್ಮ. ಕೃತಕ ಕಾಲು ಮಾಡುವ ಈ ಅಂಗಡಿಯ ಯಜಮಾನಿ. ನಿನ್ನಪ್ಪ ಹೋದಂದಿನಿಂದ, ಮೂವತ್ತೊಂದು ವರ್ಷ, ಇದರ ಬೀಗದಕೈ ನನ್ನ ಸೊಂಟದಲ್ಲಿದೆ. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಕಾಲು ಕಳೆದುಕೊಂಡ ಡಾಕ್ಟರು ಕೂಡ ನನ್ನೆದುರಿನ ಬೆಂಚಿನಲ್ಲಿ ಕೂತು, ‘ಅಮ್ಮಾ, ಏಳಲಾ?’ ಎಂದು ಕೇಳಿಯೇ ಎದ್ದಿದ್ದಾರೆ. ಇದನ್ನೆಲ್ಲ ಹೆತ್ತ ಮಗನಿಗೆ ಬರೆದು ತಿಳಿಸಬೇಕಾಗಿ ಬಂತಲ್ಲ ಎಂದು ನನಗೂ ಬೇಸರವಿದೆ. ಆದರೆ ಈಚೆಗೆ ನೀನು ಮರೆತ ಹಾಗೆ ಕಾಣುತ್ತದೆ.

ನಿನ್ನ ಆರೋಗ್ಯ ಹೇಗಿದೆ? ಹೊಟ್ಟೆ ಉರಿ ಕಡಿಮೆಯಾಯಿತೇ? ಮಾತ್ರೆಯನ್ನು ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟಿದ್ದೇನೆ ಎಂದು ನಿನ್ನ ಹೆಂಡತಿ ಹೇಳಿದಳು. ಖಾಲಿ ಹೊಟ್ಟೆಗೆ ಕಾಫಿ ಸುರಿದುಕೊಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ. ಎರಡು ದಿನದಿಂದ ನಾನು ನಿನ್ನ ಫೋನ್ ಎತ್ತುತ್ತಿಲ್ಲ, ಅವಳಿಗೂ ಎತ್ತಬೇಡ ಎಂದಿದ್ದೇನೆ, ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಯಾರೂ ಬಾಯಿ ಹಾಕಲಾರರು. ಆದ್ದರಿಂದ ಬರೆಯುತ್ತಿದ್ದೇನೆ. ನೀನು ಧನಸಹಾಯಕ್ಕಾಗಿ ಟ್ರಸ್ಟಿನವರನ್ನು ಕಾಣಲು ಹೋಗಿರುವ ಊರಿನ ಕಡೆ ಹೊರಟಿರುವ ಔಷಧದ ವ್ಯಾನಿನವನ ಕೈಯಲ್ಲಿ ಕೊಡುತ್ತೇನೆ, ನಾಳೆ ಬೆಳಿಗ್ಗೆ ನೀನು ಇಳಿದುಕೊಂಡಿರುವಲ್ಲಿಗೇ ತಂದು ಮುಟ್ಟಿಸುತ್ತಾನೆ. ಕೂತು ಓದು.

ಬುಧವಾರ ಬೆಳಿಗ್ಗೆ ಗುಬ್ಬಿ ಬಂದಿದ್ದಳು. ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳ ಮಗಳು, ಒಂಬತ್ತು ವರ್ಷ, ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಎರಡು ವರ್ಷದ ಹಿಂದೆ ನೀನೇ ಅಳತೆ ತೆಗೆದವನು. ಬೆಳೆಯುವ ಮಕ್ಕಳ ಕಾಲು ನಮ್ಮನ್ನು ಕಾಯುವುದಿಲ್ಲ, ಹಳೆಯದು ಈಗ ಅವಳಿಗೆ ಒಂದೂವರೆ ಇಂಚು ಗಿಡ್ಡ. ಮಗು ಒಂದು ಪಕ್ಕಕ್ಕೆ ವಾಲಿಕೊಂಡು, ಚಕ್ರ ಕಳಚಿದ ಗಾಡಿಯ ಹಾಗೆ ಒಳಗೆ ಬಂತು. ಮೇಸ್ತ್ರಿ ತಲೆ ಎತ್ತದೆ, ‘ಇನ್ನೂ ಆಗಿಲ್ಲಮ್ಮ, ಸ್ವಲ್ಪ ಹೊತ್ತು ಕೂತಿರಿ’ ಅಂದ. ಗುಬ್ಬಿಯ ತಾಯಿ, ‘ನಾಲ್ಕನೇ ಸಲ ಬರ್ತಾ ಇದೀನಿ ಅಣ್ಣಾ, ಪ್ರತಿ ಸಲ ಅರ್ಧ ದಿನದ ರಜೆ’ ಅಂದಳು. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಏಕೆಂದರೆ ಆ ಹೊಸ ಕಾಲನ್ನು ನಾನು ನೋಡಿದ್ದೆ. ಹನ್ನೊಂದು ದಿನದ ಹಿಂದೆ ಬೆಂಚಿನ ಮೇಲೆ, ಪೂರ್ತಿ ತಯಾರಾಗಿ, ಪಟ್ಟಿ ಬಕಲ್ಲು ಸಮೇತ ಇತ್ತು. ಪಾದವನ್ನು ನಾನೇ ಬಗ್ಗಿಸಿ ನೋಡಿ ಚೆನ್ನಾಗಿದೆ ಅಂದಿದ್ದೆ. ಆಮೇಲೆ ಅದು ಕಾಣಲಿಲ್ಲ. ಮಗು ತೆಗೆದುಕೊಂಡು ಹೋಗಿರಬೇಕು ಅಂದುಕೊಂಡೆ. ಹಿಂದಿನ ಕೋಣೆಯ ಬೀರುವಿಗೆ ಎಂದೂ ಇಲ್ಲದ ಬೀಗ ಬಿದ್ದಿದ್ದನ್ನೂ ನೋಡಿದ್ದೆ. ಕೇಳಲಿಲ್ಲ. ಈ ಅಂಗಡಿಯಲ್ಲಿ ನನಗೆ ತಿಳಿಯದೆ ಒಂದು ಮೊಳೆಯೂ ಅಲುಗುವುದಿಲ್ಲ ಎನ್ನುವ ಜಂಬ ನನ್ನದು. ಜಂಬದವರು ಪ್ರಶ್ನೆ ಕೇಳುವುದಿಲ್ಲ.

ಮೇಸ್ತ್ರಿಯನ್ನು ಕರೆದು ಬೀಗ ತೆಗೆ ಅಂದೆ. ನಿನ್ನಪ್ಪನ ಕಾಲದ ಮನುಷ್ಯ, ನನಗೆ ಎಂದೂ ಸುಳ್ಳು ಹೇಳಿದವನಲ್ಲ. ಜೇಬಿನಿಂದ ಬೀಗದಕೈ ತೆಗೆದ. ‘ಸಣ್ಣ ಯಜಮಾನರು ಹೇಳಿದ್ರು ಅಮ್ಮಾ. ಟ್ರಸ್ಟಿನವರಿಗೆ ಕಳಿಸೋ ಫೋಟೋ ಆಗೋವರೆಗೂ ಕೊಡಬೇಡ ಅಂದ್ರು. ಬುಧವಾರ ಫೋಟೋದವರು ಬರ್ತಾರೆ, ಆಮೇಲೆ ಕೊಟ್ಟರಾಯ್ತು ಅಂದ್ರು.’ ಬೀರು ತೆಗೆದ. ಹಳೆಯ ಬಟ್ಟೆ ಸುತ್ತಿಕೊಂಡು ಕಾಲು ಮೂಲೆಯಲ್ಲಿ ನಿಂತಿತ್ತು, ಏನೋ ತಪ್ಪು ಮಾಡಿ ಶಿಕ್ಷೆಗೆ ನಿಂತ ಹಾಗೆ. ಬಟ್ಟೆಗೆ ಒಂದು ಚೀಟಿ ಸಿಕ್ಕಿಸಿತ್ತು, ನಿನ್ನ ಅಕ್ಷರ, ಇಂಗ್ಲಿಷಿನಲ್ಲಿ. ನಿಧಾನವಾಗಿ ಓದಿದರೆ ನನಗೂ ಬರುತ್ತದೆ. ‘ಮೊದಲ ಫೋಟೋ: ಮಗು, ಕಾಲಿಲ್ಲದೆ. ಪೆಥೆಟಿಕ್ ಆಗಿರಲಿ.’

ಗುಬ್ಬಿಯನ್ನು ಬೆಂಚಿನ ಮೇಲೆ ಕೂರಿಸಿ ಹಳೆಯ ಕಾಲು ಬಿಚ್ಚಿಸಿದೆ. ಒಳಗಿನ ಕಾಲುಚೀಲ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದಾಗ ಕೆಳಗೆ ಎಂಟಾಣೆ ಅಗಲದ ಹುಣ್ಣು. ಕಾಲಿನ ಮೊಂಡು ಕೂರುವ ಬಿಗಿಯಾದ ಗೂಡಿನಲ್ಲಿ ಹನ್ನೊಂದು ದಿನ ಉಜ್ಜಿ ಉಜ್ಜಿ ಆದದ್ದು. ಇದರ ಅರ್ಥ ನಿನಗೆ ನಾನು ಹೇಳಬೇಕಾಗಿಲ್ಲ. ಹುಣ್ಣು ಮಾಯುವವರೆಗೆ ಹೊಸ ಕಾಲನ್ನೂ ಹಾಕುವಂತಿಲ್ಲ. ತಯಾರಾದ ಕಾಲು ಕೈಯಲ್ಲಿ ಹಿಡಿದುಕೊಂಡು, ಮಗುವಿನ ಮುಖ ನೋಡುತ್ತಾ ನಿಂತೆ.

ಆ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಟೀಚರಮ್ಮ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತಿಯಾದ ಅವರೇ. ಕೃತಕ ಕಾಲಿನ ಮೆತ್ತೆ ಬದಲಿಸಿಕೊಳ್ಳಲು ಬಂದಿದ್ದರು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ ಎಂದು ನಿನಗೆ ಗೊತ್ತು. ಆದರೂ ಚೀಟಿ ಕೊಟ್ಟು, ಈ ‘ಪೆಥೆಟಿಕ್’ ಎಂಬ ಮಾತಿಗೆ ಅರ್ಥವೇನು ಎಂದು ಕೇಳಿದೆ. ಪ್ಲಾಸ್ಟಿಕ್ ಕಾಯಿಸುವ ನಮ್ಮ ಓವನ್ನಿಗೆ, ಮೇಸ್ತ್ರಿಯ ಕೈಬರಹಕ್ಕೆ, ಮೊನ್ನೆ ನನ್ನ ಫೋನಿಗೂ ನೀನು ಅದನ್ನೇ ಅಂದದ್ದು ಕೇಳಿದ್ದೆ, ಬೈಗುಳ ಇರಬೇಕು ಅಂದುಕೊಂಡಿದ್ದೆ. ‘ಅರೆ, ಯಜಮಾನಿಯವರಿಗೂ ಗೊತ್ತಿಲ್ಲದ್ದು ಇದೆಯಾ ಲೋಕದಲ್ಲಿ?’ ಎಂದು ಕುಟುಕಿದರು. ಅವರು ನನ್ನ ಮುಖ ನೋಡಿ ಕನ್ನಡಕ ಹಾಕಿಕೊಂಡರು. ಆಮೇಲೆ ಕುಟುಕಲಿಲ್ಲ, ಪಾಠ ಮಾಡಿದರು.

ಅದರ ಬೇರು ಗ್ರೀಕ್ ಭಾಷೆಯಲ್ಲಿದೆಯಂತೆ, ‘ಪಾಥೋಸ್’ ಎಂಬ ಮಾತು. ಮನುಷ್ಯನ ಮೇಲೆ ಬಂದೆರಗಿದ್ದು, ಅವನು ಪಟ್ಟದ್ದು, ನೋವು ಎಂದು ಅದರ ಅರ್ಥ. ಅಲ್ಲಿಂದ ಲ್ಯಾಟಿನ್, ಫ್ರೆಂಚ್ ಎಂದು ಮನೆಯಿಂದ ಮನೆಗೆ ದಾಟಿ ಇಂಗ್ಲಿಷಿಗೆ ಬಂತು. ಬಂದ ಹೊಸದರಲ್ಲಿ ಅದು ಮರ್ಯಾದೆಯ ಮಾತೇ. ಮನಸ್ಸನ್ನು ಕಲಕುವ ಯಾವುದನ್ನಾದರೂ ಹಾಗೆ ಕರೆಯುತ್ತಿದ್ದರು. ಬರಬರುತ್ತಾ ಕನಿಕರ ಹುಟ್ಟಿಸುವುದಕ್ಕೆ ಮಾತ್ರ ಮೀಸಲಾಯಿತು. ಈಗಂತೂ ಕೈಲಾಗದ್ದು, ಕೆಲಸಕ್ಕೆ ಬಾರದ್ದು ಎನ್ನಲೂ ಅದೇ. ‘ಸಿಂಪಥಿ ಅಂತೀವಲ್ಲ, ಅದೂ ಇದೇ ಬೇರಿನದು. ಜೊತೆಗೆ ನೋಯೋದು ಅಂತ. ಒಂದೇ ತಾಯಿ ಮಕ್ಕಳು, ಒಬ್ಬಳು ಮನೆ ಉಳಿಸಿಕೊಂಡಳು, ಇನ್ನೊಬ್ಬಳು ಬೀದಿಗೆ ಬಿದ್ದಳು’ ಅಂದರು ಟೀಚರಮ್ಮ. ಯಾಕೆ ಹಾಗಾಯಿತು ಎಂದು ಕೇಳಿದೆ. ‘ಪುಸ್ತಕದಲ್ಲಿ ಕಾರಣ ಬರೆದಿಲ್ಲ. ನನಗೆ ಅನಿಸೋದು ಹೇಳ್ಲಾ? ನನ್ನ ಕಾಲು ಹೋದಾಗ ಮೊದಲನೇ ವಾರ ಬಂದವರು ಅತ್ತರು. ಎರಡನೇ ತಿಂಗಳು ಬಂದವರು ನನ್ನ ಕೇಳದೇನೆ ನನ್ನ ಪರ್ಸು ತೆಗೆದು ಆಟೋದವನಿಗೆ ಕೊಟ್ಟರು. ಕನಿಕರ ಪಡೋರಿಗೆ ನಾವು ಚಿಕ್ಕವರಾಗಿ ಕಾಣೋಕೆ ಹೆಚ್ಚು ದಿನ ಬೇಕಿಲ್ಲ.’

ನಿನ್ನಪ್ಪನಿಗೆ ಗ್ರೀಕ್ ಬರುತ್ತಿರಲಿಲ್ಲ. ಆದರೆ ಈ ಅಂಗಡಿಯೊಳಗೆ ‘ಅಯ್ಯೋ ಪಾಪ’ ಅಂದವರನ್ನು, ಅವರು ಎಷ್ಟೇ ದೊಡ್ಡವರಾಗಿರಲಿ, ಬಾಗಿಲಿನಾಚೆ ನಿಲ್ಲಿಸುತ್ತಿದ್ದರು. ಅಂಗಡಿಯಿಂದ ಬೀದಿಗೆ ಹೋಗುವ ಓಣಿಯ ನೆಲಕ್ಕೆ ನಲವತ್ತು ಅಡಿ ಹಳದಿ ಗೆರೆ ಎಳೆದದ್ದು ಅವರೇ. ಹೊಸ ಕಾಲಿನವರು ಆ ಗೆರೆಯ ಮೇಲೆ ಒಬ್ಬರೇ ನಡೆಯಬೇಕು, ಯಾರೂ ಕೈ ಹಿಡಿಯಬಾರದು, ಬಿದ್ದರೆ ತಾವೇ ಏಳಬೇಕು, ಗೆರೆ ಮುಗಿಸದೆ ಯಾರೂ ಬೀದಿಗೆ ಇಳಿಯಬಾರದು. ಈ ನಿಯಮದ ಮೇಲೆ ನಿಂತ ಅಂಗಡಿಯಿದು. ಅದರ ಬೀರುವಿನಲ್ಲಿ ನೀನು ಮಗುವಿನ ಕಾಲನ್ನು ಬಚ್ಚಿಟ್ಟೆ.

ಟೀಚರಮ್ಮನ ಮಾತು ಮುಗಿಯುವಷ್ಟರಲ್ಲಿ ಫೋಟೋದವನು ಎರಡು ಚೀಲ ಹೊತ್ತು ಬಂದ. ಬೆಂಚಿನ ಮೇಲೆ ಕಾಲಿಲ್ಲದ ಮಗು, ಪಕ್ಕದಲ್ಲಿ ರಕ್ತ ಹತ್ತಿದ ಕಾಲುಚೀಲ, ಸೆರಗು ಹಿಡಿದು ನಿಂತ ತಾಯಿ. ಅವನಿಗೆ ಇನ್ನೇನು ಬೇಕು? ‘ಹಾಗೇ ಇರಿ, ಹಾಗೇ ಇರಿ, ಯಾರೂ ಅಲ್ಲಾಡಬೇಡಿ’ ಎನ್ನುತ್ತಾ ಕ್ಯಾಮೆರಾ ತೆಗೆದ. ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿ ನನ್ನ ಕೈ ಹಿಡಿದೆಳೆದು ಕೇಳಿದಳು, ‘ಅಜ್ಜೀ, ಈಗಲೇ ಅಳಲಾ? ಅಂಕಲ್ ಹೇಳಿದಾಗ ಅಳು ಅಂದಿದಾರೆ ಅಮ್ಮ.’ ಅವಳ ತಾಯಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಾ, ‘ಇವತ್ತು ಫೋಟೋ ತೆಗೀತಾರೆ ಅಂತ ಸಣ್ಣ ಯಜಮಾನರು ಹೇಳಿದ್ರು, ಚೆನ್ನಾಗಿ ಬಂದರೆ ಕಾಲು ಕೊಡ್ತಾರೆ ಅಂತ ತಿಳ್ಕೊಂಡಿದ್ದೆ ಅಮ್ಮಾ. ಮನೇಲಿ ಅಭ್ಯಾಸ ಮಾಡಿಸಿದೀನಿ’ ಅಂದಳು.

ಮಗನೇ, ನಾನು ಎದೆಗುಂದುವವಳಲ್ಲ. ನೇರವಾಗಿ ಕ್ಯಾಮೆರಾದ ಎದುರಿಗೆ ಹೋಗಿ ನಿಂತೆ. ನನ್ನ ದೇಹ ಅಗಲವಾಗಿರುವುದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಅವನು, ‘ಅಮ್ಮಾ, ನಿಮ್ಮ ಮಗ ಹೇಳಿ ಕರೆಸಿದ್ದು. ನಾನೇನು ಕಳ್ಳ ಅಲ್ಲ’ ಅಂದ. ಕಳ್ಳ ನೀನಲ್ಲಪ್ಪ, ಕಳ್ಳತನ ನಮ್ಮ ಮನೆಯದು, ಅದಕ್ಕೆ ನೀನು ಸಾಕ್ಷಿಯಾಗಬೇಡ ಎಂದೆ. ತೆಗೆದ ಎರಡು ಫೋಟೋಗಳನ್ನು ನನ್ನೆದುರೇ ಅಳಿಸಿದ. ಬಂದ ದಾರಿ ಖರ್ಚು ಕೊಟ್ಟು ಕಳಿಸಿದೆ. ಆಮೇಲೆ ಗುಬ್ಬಿಯ ತಾಯಿಗೆ, ಈ ಕಾಲು ಹನ್ನೊಂದು ದಿನದ ಹಿಂದೆಯೇ ನಿಮ್ಮದಾಗಿತ್ತು, ತಪ್ಪು ನಮ್ಮದು ಎಂದು ಎಲ್ಲರೆದುರು ಹೇಳಿದೆ. ನನ್ನ ಬಾಯಿಂದ ‘ತಪ್ಪು ನಮ್ಮದು’ ಎಂಬ ಮಾತನ್ನು ಮೇಸ್ತ್ರಿ ಇದುವರೆಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೀಳಿಸಿದ.

ನಿನ್ನ ಉದ್ದೇಶ ನನಗೆ ಗೊತ್ತಿಲ್ಲದ್ದಲ್ಲ. ಓವನ್ನಿನ ಬಾಗಿಲನ್ನು ತಂತಿಯಲ್ಲಿ ಕಟ್ಟಿದ್ದೇವೆ. ಪ್ಲಾಸ್ಟಿಕ್ ಹಾಳೆ ಒಂದು ಕಡೆ ಬೇಯುತ್ತದೆ, ಒಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಹೊಸ ಓವನ್ ಬಂದರೆ ವರ್ಷಕ್ಕೆ ನಲವತ್ತು ಮಕ್ಕಳಿಗೆ ಹೆಚ್ಚಾಗಿ ಕಾಲು ಕೊಡಬಹುದು, ಒಂದು ಮಗು ಹತ್ತು ದಿನ ಕಾದರೇನು ಎಂದು ನೀನು ಲೆಕ್ಕ ಹಾಕಿರುತ್ತೀಯ. ಟ್ರಸ್ಟಿನ ಅರ್ಜಿಗೆ ನಾನೂ ಸಹಿ ಹಾಕಿದ್ದೇನೆ. ಅವರು ಕೇಳಿದ್ದು ಕಾಲು ಹಾಕುವ ಮುಂಚಿನದೊಂದು, ಆಮೇಲಿನದೊಂದು ಫೋಟೋ, ಅಷ್ಟೇ. ಉಳಿದದ್ದು ನಿನ್ನ ತಲೆಯದು.

ನಿನ್ನ ತಲೆಗೆ ಅದು ಎಲ್ಲಿಂದ ಬಂತು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಉತ್ತರ ಮೊದಲ ದಿನವೇ ಸಿಕ್ಕಿತ್ತು, ಒಪ್ಪಿಕೊಳ್ಳಲು ಎರಡನೇ ದಿನ ಬೇಕಾಯಿತು. ನಿನ್ನಪ್ಪ ಹೋದ ಮೇಲೆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಆಫೀಸಿಗೆ ನಾಲ್ಕು ಸಲ ಅಲೆದೆ. ಹೆಂಗಸು ಏನು ನಡೆಸುತ್ತಾಳೆ ಎಂದು ನಾಲ್ಕು ಸಲವೂ ವಾಪಸು ಕಳಿಸಿದರು. ಐದನೇ ಸಲ ನಿನ್ನನ್ನು ಕರೆದುಕೊಂಡು ಹೋದೆ. ನಿನಗೆ ಆರು ವರ್ಷ. ತಲೆ ಬಾಚಲಿಲ್ಲ, ಗುಂಡಿ ಕಿತ್ತ ಅಂಗಿ ಹಾಕಿಸಿದೆ, ಮೆಟ್ಟಿಲ ಹತ್ತಿರ ನಿನ್ನ ಚಪ್ಪಲಿ ಬಿಚ್ಚಿಸಿ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಸಾಹೇಬರ ಎದುರು ತಲೆ ಬಗ್ಗಿಸಿ ನಿಲ್ಲು ಅಂದಿದ್ದೆ. ನೀನು ಎಷ್ಟು ಚೆನ್ನಾಗಿ ನಿಂತೆ ಎಂದರೆ ಐದು ನಿಮಿಷದಲ್ಲಿ ಸಹಿ ಬಿತ್ತು. ಹೊರಗೆ ಬಂದ ಮೇಲೆ, ‘ಅಮ್ಮಾ, ಈಗ ಚಪ್ಪಲಿ ಹಾಕ್ಕೊಳ್ಳಬಹುದಾ?’ ಎಂದು ಕೇಳಿದೆ. ನಾನು ಚೀಲದಿಂದ ಚಪ್ಪಲಿ ತೆಗೆದು ಕೊಟ್ಟೆ. ಮೂವತ್ತೊಂದು ವರ್ಷ ನನ್ನ ಗಟ್ಟಿತನದಿಂದಲೇ ಅಂಗಡಿ ಸಿಕ್ಕಿತು ಎಂದು ಹೇಳಿಕೊಂಡು ತಿರುಗಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಹಾಗಾಗಿ ಬುಧವಾರ ನಿನ್ನನ್ನು ಎಷ್ಟು ಬೈದುಕೊಂಡೆನೋ ಅಷ್ಟೇ ನನ್ನನ್ನೂ ಬೈದುಕೊಂಡಿದ್ದೇನೆ. ಆದರೆ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ, ನಾನು ನಿಲ್ಲಿಸಿದ್ದು ನನ್ನ ಮಗನನ್ನು. ನೀನು ನಿಲ್ಲಿಸಹೊರಟಿದ್ದು ಬೇರೆಯವರ ಮಗುವನ್ನು.

ಗುಬ್ಬಿ ಈಗ ನಮ್ಮ ಮುಂದಿನ ಕೋಣೆಯಲ್ಲಿದ್ದಾಳೆ. ಅವಳ ತಾಯಿ ಡಿಪೋಗೂ ಹೋಗಿ ಮಗುವನ್ನೂ ಹೊರಲಾರಳು ಎಂದು ನಾನೇ ಇರಿಸಿಕೊಂಡೆ. ಹುಣ್ಣು ಒಣಗಲು ಇನ್ನೂ ಐದಾರು ದಿನ ಬೇಕು ಎಂದಿದ್ದಾರೆ ಡಾಕ್ಟರು. ನಿನ್ನ ಹೆಂಡತಿ ದಿನಕ್ಕೆರಡು ಸಲ ಪಟ್ಟಿ ಬದಲಿಸುತ್ತಾಳೆ. ಗುಬ್ಬಿ ಬಹಳ ಮಾತಿನ ಹುಡುಗಿ, ನನ್ನ ಕನ್ನಡಕವನ್ನು ಎರಡು ಸಲ ಬಚ್ಚಿಟ್ಟಿದ್ದಾಳೆ, ನಾನು ಗದರಿದರೆ ನಗುತ್ತಾಳೆ. ಈ ಮನೆಯಲ್ಲಿ ನನ್ನ ಗದರಿಕೆಗೆ ನಕ್ಕವರು ಇವಳೊಬ್ಬಳೇ.

ದೇವರು ನಿನಗೆ ಆಯುಸ್ಸು, ಆರೋಗ್ಯ ಕೊಡಲಿ. ನಿನ್ನಪ್ಪನ ಕೈಗುಣ ನಿನ್ನ ಕೈಯಲ್ಲಿದೆ, ಅವರ ಬೆನ್ನುಮೂಳೆಯೂ ಬರಲಿ. ಊಟ ಬಿಡಬೇಡ.

ನಿನ್ನ ಅಮ್ಮ

ತಾ.ಕ.: ವ್ಯಾನಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಸೋಮವಾರ ನೀನು ಟ್ರಸ್ಟಿನವರ ಎದುರು ಕೂರುವ ಮೊದಲು ಇದು ತಿಳಿದಿರಬೇಕು. ನಿನ್ನೆ ನಾನು ಅವರಿಗೆ ಕಾಗದ ಬರೆದೆ, ಟೀಚರಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟರು, ರಿಜಿಸ್ಟರ್ ಪೋಸ್ಟಿನಲ್ಲಿ ನಾನೇ ಹೋಗಿ ಹಾಕಿ ಬಂದೆ. ರಸೀದಿ ನನ್ನ ಬಳಿ ಇದೆ, ಶನಿವಾರ ಅವರಿಗೆ ಸೇರುತ್ತದೆ. ನಮ್ಮ ಅಂಗಡಿಯಲ್ಲಿ ಒಂದು ಮಗುವಿನ ತಯಾರಾದ ಕಾಲನ್ನು ಫೋಟೋಗಾಗಿ ಹನ್ನೊಂದು ದಿನ ತಡೆದಿಟ್ಟಿದ್ದೆವು, ಅದರಿಂದ ಮಗುವಿಗೆ ಗಾಯವಾಗಿದೆ, ಆದ್ದರಿಂದ ನಮ್ಮ ಅರ್ಜಿಯನ್ನು ವಾಪಸು ಪಡೆಯುತ್ತಿದ್ದೇವೆ ಎಂದು ಬರೆದಿದ್ದೇನೆ. ಯಾರು ತಡೆದಿಟ್ಟದ್ದು ಎಂದು ಬರೆದಿಲ್ಲ. ಅದನ್ನು ಅವರು ನಿನ್ನನ್ನು ಕೇಳುತ್ತಾರೆ.