ಚೆಂಡು ಬಿಟ್ಟುಕೊಡದ ತಂಡ

ಮಾಧವರಂ, ಚೆನ್ನೈ
ಸೋಮವಾರ, 22 ಆಗಸ್ಟ್ 2005

ಪ್ರೀತಿಯ ಇವರೇ,

ಹೇಗಿದ್ದೀರಿ? ಎಂಜಿನ್ ರೂಮಿನ ಸೆಕೆಗೆ ಬೆನ್ನ ಮೇಲೆ ಬೆವರುಸಾಲೆ ಎದ್ದಿದೆ ಎಂದಿದ್ದಿರಿ, ಕಡಿಮೆಯಾಯಿತೇ? ಅತ್ತೆ ಕಳಿಸಿದ ಚಂದನದ ಪುಡಿ ಹಚ್ಚುತ್ತಿದ್ದೀರೋ, ಪೊಟ್ಟಣ ಕಟ್ಟಿದ ಹಾಗೇ ಇದೆಯೋ? ಇಲ್ಲಿ ಎಲ್ಲರೂ ಕ್ಷೇಮ. ಮಾವನ ಮಂಡಿನೋವು ಇದ್ದ ಹಾಗೇ ಇದೆ, ಆದರೂ ಬೆಳಕು ಹರಿಯುವ ಮೊದಲೇ ಪ್ಯಾರೀಸ್ ಕಾರ್ನರಿನ ತಮ್ಮ ಹೋಟೆಲಿಗೆ ಹೊರಡುವುದನ್ನು ಬಿಟ್ಟಿಲ್ಲ. ಅತ್ತೆಗೆ ಹೊಸ ಕನ್ನಡಕ ಬಂದಿದೆ. ಈಗ ಬೀದಿಯ ಆ ತುದಿಯಲ್ಲಿ ಯಾರು ಯಾವ ಸೀರೆ ಉಟ್ಟು ಹೋದರು ಎಂದು ಇಲ್ಲಿಂದಲೇ ಹೇಳುತ್ತಾರೆ. ನನ್ನ ಆರೋಗ್ಯವೂ ಚೆನ್ನಾಗಿದೆ. ಸಿಟ್ಟು ಮಾತ್ರ ತಲೆಗೇರಿದೆ. ಫೋನಿನಲ್ಲಿ ಹೇಳಿದರೆ ನೀವು ನಕ್ಕು ಮಾತು ಮರೆಸುತ್ತೀರಿ ಎಂದೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಆಗುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಮೊದಲಿನದ್ದು ನಿಮಗೆ ಗೊತ್ತೇ ಇಲ್ಲ. ಹಡಗು ಹತ್ತುವ ಮುಂಚೆ ನಿಮ್ಮ ಕಂಪ್ಯೂಟರಿನ ಫುಟ್‌ಬಾಲ್ ಆಟವನ್ನು ಉಪೇಂದ್ರನ ಕೈಗೆ ಒಪ್ಪಿಸಿ ಹೋದಿರಿ. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ. ಅದರಲ್ಲಿ ನಾವೇ ಮ್ಯಾನೇಜರ್, ತಂಡ ಕಟ್ಟಬೇಕು, ಯಾರು ಹೇಗೆ ಆಡಬೇಕೆಂದು ಹೇಳಿಕೊಡಬೇಕು, ಆಮೇಲೆ ಹಸಿರು ಪರದೆಯ ಮೇಲೆ ಚುಕ್ಕಿಗಳು ಓಡುವುದನ್ನು ನೋಡುತ್ತಾ ಕೂರಬೇಕು ಎಂದು ತಮ್ಮನಿಗೆ ವಿವರಿಸಿದಿರಿ. ನನಗೆ ಹೇಳಿದ್ದು ಒಂದೇ, ಕಂಪ್ಯೂಟರಿನ ಮೇಲೆ ಧೂಳು ಕೂರದ ಹಾಗೆ ಬಟ್ಟೆ ಮುಚ್ಚು ಎಂದು. ನಿಮ್ಮ ತಮ್ಮ ನಿಮ್ಮ ತಂಡವನ್ನು ಪಟ್ಟಿಯ ತಳಕ್ಕೆ ಮುಟ್ಟಿಸಿದ. ಕ್ಲಬ್ಬಿನ ಆಡಳಿತದವರು ಅತೃಪ್ತರಾಗಿದ್ದಾರೆ ಎಂದು ಪರದೆಯ ಮೇಲೆ ಬಂದ ದಿನ, ತನಗೆ ಪರೀಕ್ಷೆ ಇದೆ ಎಂದು ಎದ್ದು ಹೋದ.

ನಾನು ಆ ಕುರ್ಚಿಯಲ್ಲಿ ಕುಳಿತದ್ದು ಆಟಕ್ಕಾಗಿ ಅಲ್ಲ. ಹಾಲಿನ ಡೈರಿಯ ಲ್ಯಾಬಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದರೆ ಮಧ್ಯಾಹ್ನ ಉದ್ದಕ್ಕೆ ಬಿದ್ದಿರುತ್ತದೆ. ನೀವು ದಿನವೂ ಕೂರುತ್ತಿದ್ದ ಜಾಗ ಅದು. ಸುಮ್ಮನೆ ಕುಳಿತೆ, ಬಟ್ಟೆ ಸರಿಸಿದೆ, ಆಟ ತೆರೆದೆ. ನಿಮ್ಮ ಏರ್ಪಾಡು ನೋಡಿ ನಗು ಬಂತು. ಎಲ್ಲರಿಗೂ ಒಂದೇ ಅಪ್ಪಣೆ, ಚೆಂಡು ಸಿಕ್ಕಿದೊಡನೆ ಮುಂದೆ ನಿಂತ ಉದ್ದ ಮನುಷ್ಯನ ತಲೆಗೆ ಗುರಿಯಿಟ್ಟು ಒದೆಯಿರಿ ಎಂದು. ಕಷ್ಟಪಟ್ಟು ಕಸಿದುಕೊಂಡದ್ದನ್ನು ಆಕಾಶಕ್ಕೆ ಎಸೆದು ಎದುರಾಳಿಗೆ ಕೊಡುವುದು! ನಾನು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು ಎಂಬುದು ನಿಮಗೆ ಮರೆತಿರಬೇಕು. ನಮ್ಮ ಅಪ್ಪ ಸಂಜೆ ಮೈದಾನದ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಆಟ ನೋಡುತ್ತಿದ್ದರು. ಅಲ್ಲಿ ಆಡುತ್ತಿದ್ದ ಹುಡುಗರು ಕುಳ್ಳರು, ಕೆಲವರ ಕಾಲಿನಲ್ಲಿ ಬೂಟು ಕೂಡ ಇರಲಿಲ್ಲ. ಆದರೆ ಚೆಂಡನ್ನು ನೆಲದಿಂದ ಏಳಲು ಬಿಡುತ್ತಿರಲಿಲ್ಲ. ಇವನಿಂದ ಅವನಿಗೆ, ಅವನಿಂದ ಇನ್ನೊಬ್ಬನಿಗೆ. ಎದುರಿನ ಆಳುಗಳು ಅಟ್ಟಿಸಿಕೊಂಡು ಓಡಿ ಓಡಿ ಬೆವರಿಳಿಸಿ ನಿಲ್ಲುತ್ತಿದ್ದರು.

ಅದನ್ನೇ ಮಾಡಿಸಿದೆ. ಗೋಲ್‌ಕೀಪರನಿಗೆ ಒದೆಯಬೇಡ, ಪಕ್ಕದವನಿಗೆ ಕೈಯಲ್ಲಿ ಕೊಡು ಎಂದೆ. ಹಿಂದಿನ ಇಬ್ಬರನ್ನು ದೂರ ದೂರ ನಿಲ್ಲಿಸಿ ನಡುವೆ ಒಬ್ಬನನ್ನು ಇಳಿಸಿದೆ. ಪಾಸು ಹತ್ತಿರಕ್ಕೆ, ವೇಗ ನಿಧಾನಕ್ಕೆ. ಆಮೇಲೆ ಏನಾಯಿತು ಗೊತ್ತೇ? ಸಾಲಾಗಿ ಸೋತೆವು! ಆಟದ ಮುಕ್ಕಾಲು ಹೊತ್ತು ಚೆಂಡು ನಮ್ಮ ಹತ್ತಿರ, ಗೋಲು ಮಾತ್ರ ಅವರ ಲೆಕ್ಕಕ್ಕೆ. ಅತ್ತೆ ಬತ್ತಿ ಹೊಸೆಯುತ್ತಾ ಹಿಂದೆ ಕುಳಿತು ನೋಡುತ್ತಿದ್ದರು. "ಎಂತ ಮಾರಾಯ್ತಿ, ನಿನ್ನವರು ಚೆಂಡನ್ನು ಮಡಿಯಲ್ಲಿ ಇಟ್ಟ ಹಾಗೆ ಮಾಡ್ತಾರಲ್ಲ? ಗೋಲಿಗೆ ಮುಟ್ಟಿಸುವುದೇ ಇಲ್ಲ" ಎಂದರು. ನಗುತ್ತಾ ಹೇಳಿದ ಮಾತು, ಆದರೆ ನನಗೆ ಸರಿಯಾದ ಜಾಗಕ್ಕೆ ತಾಗಿತು. ಚೆಂಡು ಇಟ್ಟುಕೊಳ್ಳುವುದು ಇಟ್ಟುಕೊಳ್ಳುವುದಕ್ಕಾಗಿ ಅಲ್ಲವಲ್ಲ. ಎದುರಾಳಿ ತಾಳ್ಮೆ ಕಳೆದುಕೊಂಡು ಜಾಗ ಬಿಟ್ಟು ಬರಲಿ ಎಂದಲ್ಲವೇ? ಅವನು ಬಿಟ್ಟ ಜಾಗಕ್ಕೆ ನುಗ್ಗುವವರು ಯಾರು? ಯಾರೂ ಇರಲಿಲ್ಲ. ಮುಂದಿನ ಉದ್ದ ಮನುಷ್ಯನನ್ನು ಬೆಂಚಿಗೆ ಕಳಿಸಿ, ಮೈದಾನದ ನಡುವೆ ಆಡುತ್ತಿದ್ದ ಚುರುಕಿನವನೊಬ್ಬನನ್ನು ಅಲ್ಲಿಟ್ಟು, ನೀನು ಹಿಂದಕ್ಕೆ ಬಾ ಎಂದೆ. ಅವನನ್ನು ಕಾಯುವವನು ಅವನ ಬೆನ್ನು ಹಿಡಿದು ಬರುತ್ತಾನೆ, ಬಾಗಿಲು ತೆರೆಯುತ್ತದೆ. ಎರಡು ಅಂಚಿನವರಿಗೆ ಆ ಬಾಗಿಲಿನಲ್ಲಿ ಒಳಗೆ ಓಡಲು ಹೇಳಿದೆ. ಅಲ್ಲಿಂದ ಗೆಲ್ಲತೊಡಗಿದೆವು. ಸೀಸನ್ ಮುಗಿಯುವಾಗ ನಿಮ್ಮ ತಂಡ ಮೇಲಿನ ದರ್ಜೆಗೆ ಏರಿತು. ಆ ದಿನ ನಾನೂ ಅತ್ತೆಯೂ ಗೋಧಿ ಪಾಯಸ ಮಾಡಿಕೊಂಡು ತಿಂದೆವು. ಯಾಕೆಂದು ಮಾವನಿಗೆ ಹೇಳಲಿಲ್ಲ.

ಉಪೇಂದ್ರ ಅದನ್ನು ನೋಡಿ ಬಾಯಿ ಬಿಟ್ಟ. ಈ ತಂತ್ರವನ್ನು ಅಣ್ಣನಿಗೆ ಇ-ಮೇಲ್ ಮಾಡುತ್ತೇನೆ ಎಂದಾಗ ಮಾಡು ಎಂದೆ. ನಿಮಗೆ ಸಂತೋಷವಾಗಲಿ ಎಂದು. ಆಂಟ್‌ವರ್ಪ್ ಬಂದರಿನಿಂದ ನೀವು ಫೋನ್ ಮಾಡಿದಿರಿ. "ಭಾರೀ ಲಾಯ್ಕಾಗಿದೆ, ನನಗೆ ಯಾವಾಗಲೂ ಹೀಗೇ ಆಡಿಸಬೇಕು ಅಂತ ಇತ್ತು" ಎಂದಿರಿ. ನಾನು ಅದನ್ನು ಹೊಗಳಿಕೆ ಎಂದುಕೊಂಡು ದಿನವಿಡೀ ಕುಣಿದೆ. ನೀವು ಅದೇ ಬಂದರಿನಲ್ಲಿ ಕುಳಿತು ಅದನ್ನು ಆಟದವರ ವೆಬ್‌ಸೈಟಿನಲ್ಲಿ ಹಾಕಿದ್ದು ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಉಪೇಂದ್ರನ ಗೆಳೆಯ ಗುರುಚರಣನಿಂದ. ತಿರುವಲ್ಲಿಕೇಣಿಯ ಹುಡುಗ, ಮನೆಯಲ್ಲಿ ಕನ್ನಡ, ಬಾಯಲ್ಲಿ ಅರ್ಧ ತಮಿಳು. ಬಾಗಿಲಲ್ಲೇ ನಿಂತು, "ಅಕ್ಕಾ, ನಿಮ್ಮ ಯಜಮಾನ್ರು ಸೂಪರ್ ಅಕ್ಕಾ! ಲಂಡನ್ನಿನವನೆಲ್ಲಾ ಇದನ್ನೇ ಇಟ್ಟುಕೊಂಡು ಆಡ್ತಾ ಇದ್ದಾನೆ, ತೆರಿಯುಮಾ, ಗೊತ್ತಾ?" ಎಂದು ವೆಬ್‌ಸೈಟಿನ ಬರಹದ ಪ್ರಿಂಟ್ ಚಾಚಿದ. ಓದಿದೆ. ಮೇಲೆ ನಿಮ್ಮ ಹೆಸರು. ಕೆಳಗೆ, ಎಂಜಿನ್ ರೂಮಿನ ಒಂಟಿ ಪಾಳಿಯಲ್ಲಿ ತಿಂಗಳುಗಟ್ಟಲೆ ಯೋಚಿಸಿ ಯೋಚಿಸಿ ಇದನ್ನು ಕಟ್ಟಿದೆ ಎಂಬ ಕಥೆ. ಕುಳ್ಳ ಆಟಗಾರರನ್ನು ಬಾಲ್ಯದಲ್ಲಿ ನೋಡಿದ ನೆನಪಂತೆ! ಯಾರ ಬಾಲ್ಯ ಅದು? ನೀವು ಬಾಲ್ಯದಲ್ಲಿ ನೋಡಿದ್ದು ಹೋಟೆಲಿನ ಹಿತ್ತಿಲಲ್ಲಿ ಆಲೂಗಡ್ಡೆ ಸುಲಿಯುವುದನ್ನು. ಪೆರಂಬೂರಿನ ಮೈದಾನದ ಮಾತನ್ನು ಮದುವೆಯಾದ ಹೊಸತರಲ್ಲಿ ನಾನು ನಿಮಗೆ ಹೇಳಿದ್ದೆ. ಆಗ ನೀವು ಆಕಳಿಸಿದಿರಿ. ತಂತ್ರ ತೆಗೆದುಕೊಂಡಿರಿ, ಹೋಗಲಿ. ನನ್ನ ಅಪ್ಪನ ಪಕ್ಕದಲ್ಲಿ ನಾನು ಕುಳಿತ ಕಟ್ಟೆಯನ್ನೂ ಕಿತ್ತುಕೊಂಡು ಹೋಗಬೇಕಿತ್ತೇ?

ಇನ್ನೂ ಮುಗಿದಿಲ್ಲ. ನಿನ್ನೆ ಭಾನುವಾರ ಹೋಟೆಲಿನ ಮಾಳಿಗೆಯಲ್ಲಿ ಉಪೇಂದ್ರನ ಬಳಗ ಸೇರಿತ್ತು. ಪ್ಯಾರೀಸ್ ಕಾರ್ನರಿನಲ್ಲಿ ಭಾನುವಾರ ಗಿರಾಕಿ ಕಡಿಮೆಯಲ್ಲವೇ, ಮಾವ ಒಪ್ಪಿದ್ದರು. ಎರಡು ಕಂಪ್ಯೂಟರುಗಳನ್ನು ಆಟೋದಲ್ಲಿ ತಂದು ನಡುವೆ ತಂತಿ ಎಳೆದಿದ್ದರು. ನಿಮ್ಮ ಪರವಾಗಿ ನಿಮ್ಮ ತಮ್ಮ ಎಲ್ಲರಿಗೂ ತಂತ್ರ ವಿವರಿಸುವುದೆಂದು ನಿಗದಿಯಾಗಿತ್ತು. ನಾನೂ ಹೋದೆ. ಮೂಲೆಯ ಬೆಂಚಿನಲ್ಲಿ ಕುಳಿತೆ. ಕುಳಿತು ಉಸಿರು ಬಿಟ್ಟಿಲ್ಲ, ಒಬ್ಬ ಹಿಂತಿರುಗಿ "ಅಣ್ಣೀ, ಇನ್ನೂ ಮೂಣು ಕಾಪಿ" ಎಂದ, ಅತ್ತಿಗೆ ಎಂದರೆ ಮೂರು ಕಾಫಿ ತರುವವಳು ಎಂಬಂತೆ. ಉಪೇಂದ್ರ ಈ ತಂತ್ರ ಇವರದ್ದೇ ಎನ್ನಲಿಲ್ಲ, ನೆಲ ನೋಡಿದ. ಕಾಫಿ ತರಿಸಿಕೊಟ್ಟೆ. ಆಮೇಲೆ ಅವನ ವಿವರಣೆ ಶುರುವಾಯಿತು. ನಮ್ಮ ಮುಂದಿನ ಸ್ಟ್ರೈಕರ್ ಹಿಂದೆ ಬರುವುದು ಡಿಫೆನ್ಸಿಗೆ ಸಹಾಯ ಮಾಡಲಂತೆ! ಬಾಯಿ ಮುಚ್ಚಿ ಕೂರಲು ನನ್ನಿಂದ ಆಗಲಿಲ್ಲ. "ಅಲ್ಲ ಉಪೇಂದ್ರ, ಅವನು ಬರುವುದು ಜಾಗ ಮಾಡಿಕೊಡಲಿಕ್ಕೆ" ಎಂದೆ. ಕಾಫಿ ಕೇಳಿದವನು ನಕ್ಕ. "ಅಣ್ಣಿಗೂ ಫುಟ್‌ಬಾಲ್ ತೆರಿಯುಮಾ?" ಎಂದ. ಎಲ್ಲರೂ ನಕ್ಕರು.

ಹಾಗಾದರೆ ಕೂತು ಆಡೋಣ ಎಂದೆ. ಉಪೇಂದ್ರ ನಿಮ್ಮ ಹೆಸರಿನ ತಂತ್ರ ಇಟ್ಟುಕೊಂಡು ಒಂದು ಕಂಪ್ಯೂಟರಿನಲ್ಲಿ, ನಾನು ಇನ್ನೊಂದರಲ್ಲಿ, ಇಬ್ಬರಿಗೂ ಸರಿಸಮಾನವಾದ ತಂಡ. ಆ ತಂತ್ರದಲ್ಲಿ ಒಂದು ತೂತು ಇತ್ತು, ಅದು ನನಗೆ ಗೊತ್ತಿತ್ತು, ಏಕೆಂದರೆ ಅದನ್ನು ಇಟ್ಟವಳೂ ನಾನೇ. ಹಿಂದಿನ ಎರಡು ಅಂಚಿನವರೂ ಒಟ್ಟಿಗೆ ಮುಂದೆ ಏರಿದರೆ ಎಡಗಡೆಯ ಬೆನ್ನು ಬಯಲಾಗುತ್ತದೆ. ನಿಮಗೆ ಕಳಿಸಿದ ಮೇಲೆ ನನಗೆ ಅದು ಹೊಳೆದು ಮನೆಯ ಆಟದಲ್ಲಿ ಸರಿಮಾಡಿದ್ದೆ. ನೀವು ಲೋಕಕ್ಕೆಲ್ಲಾ ಹಂಚಿದ್ದು ತೂತಿನದ್ದು. ಚೆಂಡನ್ನು ಉಪೇಂದ್ರನಿಗೇ ಬಿಟ್ಟು, ಓಟದ ಹುಡುಗನೊಬ್ಬನನ್ನು ಆ ಮೂಲೆಯ ಹತ್ತಿರ ನಿಲ್ಲಿಸಿದೆ. ಉಪೇಂದ್ರ ಚೆಂಡು ತಿರುಗಿಸಿದ, ತಿರುಗಿಸಿದ, ಎಲ್ಲರೂ ಆಹಾ ಎಂದರು. ಒಂದು ಪಾಸು ತಪ್ಪಿತು, ನನ್ನ ಹುಡುಗ ಹೊರಟ. ಗೋಲು. ದ್ವಿತೀಯಾರ್ಧದಲ್ಲಿ ಮತ್ತೊಂದು, ಅದೇ ಬಾಗಿಲಿನಿಂದ. ಆಹಾ ಎಂದವರೆಲ್ಲಾ ನನ್ನ ಕಂಪ್ಯೂಟರಿನ ಕಡೆ ಬಗ್ಗಿದರು. "ಚೆಂಡು ಪೂರ್ತಿ ಅವನ ಹತ್ರಾನೇ ಇತ್ತಲ್ಲ ಅಕ್ಕಾ, ಎಪ್ಪಡಿ ಸೋತ?" ಎಂದು ಗುರುಚರಣ ಕೇಳಿದ. "ಇತ್ತು. ಯಾಕೆ ಇಟ್ಟುಕೊಂಡಿದ್ದೇನೆ ಅಂತ ಅವನಿಗೆ ಗೊತ್ತಿರಲಿಲ್ಲ" ಎಂದೆ. ಉಪೇಂದ್ರ ಎದ್ದು ನಿಂತು, ಕಿವಿಯೆಲ್ಲಾ ಕೆಂಪು ಮಾಡಿಕೊಂಡು, "ಇದು ಅಣ್ಣ ಮಾಡಿದ್ದಲ್ಲ, ಅತ್ತಿಗೆ ಮಾಡಿದ್ದು. ನನಗೆ ಮೊದಲೇ ಗೊತ್ತಿತ್ತು" ಎಂದು ಎಲ್ಲರ ಮುಂದೆ ಹೇಳಿದ. ತಡವಾಗಿ ಹೇಳಿದ, ಆದರೂ ಹೇಳಿದ. ನಿಮಗಿಂತ ಅವನು ವಾಸಿ.

ಗದ್ದಲ ಕೇಳಿ ಮಾವ ಮೆಟ್ಟಿಲು ಹತ್ತಿ ಬಂದಿದ್ದರು. ಆಟದ ತಲೆಬುಡ ಅವರಿಗೆ ತಿಳಿಯದು, ಹೆಸರಿನ ವಿಷಯ ತಿಳಿಯಿತು. "ನಮ್ಮಲ್ಲಿ ದೋಸೆ ಹುಯ್ಯುವವ ನಂಜುಂಡ. ಬೋರ್ಡಿನಲ್ಲಿ ಹೆಸರು ನನ್ನದು. ಆದರೆ ದೋಸೆ ನಾನೇ ಹುಯ್ದೆ ಅಂತ ಇಷ್ಟು ವರ್ಷದಲ್ಲಿ ಯಾರ ಹತ್ರವೂ ಹೇಳ್ಲಿಲ್ಲ. ಇವನಿಗೆ ಎಂತ ಬಂತು?" ಎಂದರು. ಅವರು ನಿಮ್ಮನ್ನು ಇಷ್ಟು ಜನರ ಎದುರು ಬೈದದ್ದು ನಾನು ಕಂಡದ್ದೇ ಇಲ್ಲ. ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮನೆಗೆ ಬಂದ ಮೇಲೆ ಉಪೇಂದ್ರ ವೆಬ್‌ಸೈಟಿನಲ್ಲಿ ನಿಜ ಬರೆದ. ಇವತ್ತು ಬೆಳಗ್ಗೆ ನೋಡಿದರೆ ಅದರ ಕೆಳಗೆಲ್ಲಾ ನಗೆ. ಹೆಂಡತಿಯಂತೆ, ಡೈರಿಯಂತೆ, ಒಳ್ಳೆ ಜೋಕು ಎಂದು ಒಬ್ಬ. ಅತ್ತಿಗೆ ಅಡುಗೆಯನ್ನೂ ಹೀಗೇ ನಿಧಾನಕ್ಕೆ ಮಾಡುತ್ತಾಳೋ ಎಂದು ಇನ್ನೊಬ್ಬ. ಯಾವ ಊರಿನವರೋ, ಮುಖ ಕಾಣದವರು, ಅವರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ನಿಮ್ಮ ಮುಖ ನಾನು ಕಂಡಿದ್ದೇನೆ. ಆದ್ದರಿಂದ ಸಿಟ್ಟೆಲ್ಲಾ ನಿಮಗೇ ಇರಲಿ. ಮುಂದಿನ ಬಂದರು ಯಾವುದೇ ಆಗಲಿ, ಇಳಿದವರೇ ನಿಮ್ಮ ಹೆಸರಿನಲ್ಲೇ ಬರೆಯಿರಿ, ಇದು ನನ್ನ ಹೆಂಡತಿ ಚೈತನ್ಯಾ ಕಟ್ಟಿದ್ದು, ಮೈದಾನದ ನೆನಪೂ ಅವಳದ್ದೇ ಎಂದು. ತಮಾಷೆಗೆ ಹಾಕಿದೆ ಎಂದು ಮಾತ್ರ ಬರೆಯಬೇಡಿ. ತಮಾಷೆ ಆಗಿದ್ದರೆ ಮೊದಲು ನನಗೆ ಹೇಳಿ ನಗಿಸುತ್ತಿದ್ದಿರಿ.

ಹೊಟ್ಟೆ ತುಂಬಾ ಊಟ ಮಾಡಿ. ಬಿಸಿಯಿಂದ ಎದ್ದು ಬಂದವರು ಕೂಡಲೇ ಡೆಕ್ಕಿನ ಗಾಳಿಗೆ ನಿಲ್ಲಬೇಡಿ. ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ಮಾವನದ್ದು ಸ್ವಲ್ಪ ಗದರಿಕೆಯೊಂದಿಗೆ. ಉಪೇಂದ್ರ ನಮಸ್ಕಾರ ಹೇಳಿದ್ದಾನೆ, ನಿಮಗೆ ಬರೆಯಲು ಹೆದರುತ್ತಾನಂತೆ.

ಸಿಟ್ಟಿನಲ್ಲಿದ್ದರೂ ನಿಮ್ಮವಳೇ,
ಚೈತನ್ಯಾ

ತಾ.ಕ. ಇದನ್ನು ನಿಮ್ಮ ಹಡಗು ಕಂಪೆನಿಯ ಆಫೀಸಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಕಾಗದ ಕೊಡಲು ಬಂದರೆ ಇಲ್ಲಿಯ ಅನಸೂಯ ಅವರು, "ನಿಮ್ಮವರು ಹಡಗಿನ ಕಾಂಟ್ರಾಕ್ಟ್ ಇನ್ನೂ ನಾಲ್ಕು ತಿಂಗಳು ಮುಂದುವರಿಸಿದ್ರಲ್ಲ, ಬೇಜಾರಿಲ್ವಾ?" ಎಂದು ಕೇಳಿದರು. ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಆಂಟ್‌ವರ್ಪಿನಿಂದ ಅಷ್ಟು ಹೊತ್ತು ಫುಟ್‌ಬಾಲ್ ಮಾತಾಡಿದಿರಿ, ದೀಪಾವಳಿಗೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲವೇ? ನಿಮ್ಮಂಥ ಆಫೀಸರ್‌ಗಳ ಹೆಂಡತಿಯರು ಹಡಗಿನಲ್ಲಿ ಜೊತೆಗೆ ಇರಬಹುದಂತೆ, ಅವರೇ ಹೇಳಿದರು. ನನ್ನ ಪಾಸ್‌ಪೋರ್ಟ್ ಇದೆ. ಡೈರಿಯಲ್ಲಿ ರಜೆ ಕೇಳುತ್ತೇನೆ, ಕೊಡದಿದ್ದರೆ ಜಗಳವಾಡುತ್ತೇನೆ. ಹಡಗು ಹತ್ತುವ ಅರ್ಜಿಗೆ ನನ್ನ ಸಹಿ ಈಗಲೇ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ, ಇನ್ನು ನಿಮ್ಮದೊಂದು ಬೇಕು. ಒಂದೋ ನೀವು ಮನೆಗೆ ಬನ್ನಿ, ಇಲ್ಲವೇ ನಾನು ಬರುತ್ತೇನೆ. ಮದುವೆಯಾಗಿ ಮೂರು ವರ್ಷವಾಯಿತು, ನಾವಿಬ್ಬರೂ ಒಟ್ಟಿಗೆ ಒಂದು ಮಳೆಗಾಲವನ್ನೂ ಕಳೆದಿಲ್ಲ. ಟಪಾಲು ಚೀಲ ಕಟ್ಟುತ್ತಿದ್ದಾರೆ. ಬೇಗ ಸಹಿ ಹಾಕಿ.