ಹಗ್ಗ ಬಿಚ್ಚಿದ ಮೇಲಿನ ಪುಟ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮರೀ,

ಲಕೋಟೆಯ ಮೇಲಿನ ಅಕ್ಷರ ನೋಡಿ ನೀನು ಇದನ್ನು ಒಡೆಯದೆ ಮೇಜಿನ ಮೂಲೆಗೆ ತಳ್ಳಿರುತ್ತೀಯ. ಈಗ ಒಡೆದಿದ್ದೀಯ ಅಂದಮೇಲೆ ಪೂರ್ತಿ ಓದು. ಅಕ್ಷರ ಅಪ್ಪನದು, ಮಾತು ನನ್ನದು. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ಕಣ್ಣಿನ ಆಪರೇಷನ್ ಆದಂದಿನಿಂದ ನನಗೆ ಓದುವುದೂ ಬಂದ್, ಬರೆಯುವುದೂ ಬಂದ್. ಮುಂದಿನ ತಿಂಗಳವರೆಗೂ ಹೀಗೇ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪನ ಸುದ್ದಿ ಬಂದ ಕೂಡಲೇ "ಅಮ್ಮಾ, ಕುಕ್ಕರ್ ಕೂಗ್ತಿದೆ" ಅಂತ ಇಟ್ಟುಬಿಡುತ್ತೀಯ. ಪತ್ರದ ನಡುವೆ ಕುಕ್ಕರ್ ಕೂಗುವುದಿಲ್ಲ.

ನೀನು ರಜೆ ಮುಗಿಸಿ ಹೊರಟ ಮೇಲೆ ನನ್ನ ಪ್ರಪಂಚ ನೆಲದ ಮೂರು ಟೈಲ್ಸಿಗೆ ಇಳಿಯಿತು. ಕಣ್ಣಿನ ಪರದೆ ಸರಿಯಾಗಿ ಅಂಟಿಕೊಳ್ಳುವವರೆಗೆ ತಲೆ ತಗ್ಗಿಸಿಯೇ ಇರಬೇಕು ಅಂದಿದ್ದರಲ್ಲ ಡಾಕ್ಟರು. ಊಟವೂ ತಗ್ಗಿಸಿಕೊಂಡೇ, ನಿದ್ದೆಯೂ ತಗ್ಗಿಸಿಕೊಂಡೇ. ಅದನ್ನಾದರೂ ತಡೆದುಕೊಳ್ಳಬಹುದು, ನನ್ನ ಚಿಂತೆ ಕಾಲೇಜಿನದು. ಸಂಜೆ ಕಾಲೇಜಿನ ಕೊನೆಯ ವರ್ಷ, ಅಮೆರಿಕನ್ ಸಾಹಿತ್ಯದ ಪತ್ರಿಕೆ. ಎಲ್ಲವನ್ನೂ ಕನ್ನಡ ಅನುವಾದದಲ್ಲಿ ಓದಿ, ಪ್ರತಿ ಪುಸ್ತಕ ಮುಗಿದಾಗಲೂ ನಮಗೆ ಏನನ್ನಿಸಿತು ಎಂದು ಬರೆದು ಕೊಡಬೇಕು. ಒಂದು ತಪ್ಪಿದರೂ ಮುಂದಿನ ವರ್ಷ ಮತ್ತೆ ಮೊದಲಿಂದ. ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಸಂಜೆ ಓಡುತ್ತಾ ಹೋಗಿ ಬೆಂಚಿನಲ್ಲಿ ಕೂತು ಇಲ್ಲಿಯವರೆಗೆ ಬಂದವಳು ನಾನು. ಇನ್ನೊಂದು ವರ್ಷ ಓಡುವ ಶಕ್ತಿ ಇರಲಿಲ್ಲ.

ಆಪರೇಷನ್ನಿಗೂ ಮೊದಲು ನಾನು ಬರೆದುಕೊಟ್ಟದ್ದೆಲ್ಲ ಔಷಧಿ ಡಬ್ಬಿಯೊಳಗಿನ ಚೀಟಿಯ ಹಾಗಿತ್ತು. ಒಳಗೇನಿದೆ, ಯಾವಾಗ ತಯಾರಾಯಿತು, ಯಾರು ಎಚ್ಚರಿಕೆಯಿಂದಿರಬೇಕು. ಮೇಡಂ ಪ್ರತಿ ಸಲವೂ ಕೆಳಗೆ ಅದೇ ಪ್ರಶ್ನೆ ಬರೆದು ವಾಪಸ್ ಕೊಡುತ್ತಿದ್ದರು: ಎಲ್ಲ ಸರಿಯಾಗಿದೆ, ಆದರೆ ಇದರಲ್ಲಿ ನೀವೆಲ್ಲಿ? ಎಲ್ಲಿರುತ್ತೇನೆ, ಕೌಂಟರಿನ ಹಿಂದೆ ಇರುತ್ತೇನೆ, ಎಂದು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆ.

ಆಪರೇಷನ್ ಆದಮೇಲೆ ಮೊದಲು ಓದಿ ಹೇಳಲು ಬಂದವಳು ಮೇಲಿನ ಮನೆಯ ಹುಡುಗಿ. ಒಳ್ಳೆಯವಳು. ಆದರೆ ಪುಟಕ್ಕೊಮ್ಮೆ, "ಆಂಟಿ, ಇಲ್ಲಿ ಬರೀ ಗಾಳಿ ಬೀಸೋದು, ಮರ ಅಲ್ಲಾಡೋದು, ಹಾರಿಸ್ಬಿಡ್ಲಾ?" ಅನ್ನುವಳು. ಆ ಗಾಳಿಗಾಗಿಯೇ ನಾನು ಕಾಯುತ್ತಿದ್ದೇನೆಂದು ಅವಳಿಗೆ ಹೇಗೆ ಹೇಳಲಿ? ಅಷ್ಟರಲ್ಲಿ ಅವಳಿಗೂ ಪರೀಕ್ಷೆ ಬಂತು, ನಿಂತಳು.

ಆಮೇಲೊಂದು ಸಂಜೆ ಬಾಗಿಲು ತೆರೆದ ಸದ್ದಾಯಿತು. ನನ್ನ ಮೂರು ಟೈಲ್ಸಿನೊಳಗೆ ಎರಡು ಪಾದಗಳು ಬಂದು ನಿಂತವು. ಹೆಬ್ಬೆರಳಿಗಿಂತ ಉದ್ದವಾದ ಪಕ್ಕದ ಬೆರಳು. ನಿನ್ನ ಅಪ್ಪನ ಗುರುತಿಗೆ ಮುಖ ಬೇಕಾಗಲಿಲ್ಲ. "ಹೇಗಿದ್ದೀಯ" ಅಂದರು. "ಇಷ್ಟು ವರ್ಷ ನಿಮ್ಮೆದುರಿಗೆ ತಲೆ ತಗ್ಗಿಸ್ದೋಳಲ್ಲ, ಡಾಕ್ಟ್ರು ನಿಮ್ಮ ಆ ಆಸೇನೂ ತೀರಿಸಿದ್ರು. ನೋಡ್ಕೊಂಡು ಹೋಗಿ" ಅಂದೆ. ಪಾದಗಳು ಅಲ್ಲಾಡಲಿಲ್ಲ. ಕೊನೆಗೆ ನಾನೇ, "ಆರೋಗ್ಯ ವಿಚಾರಿಸೋಕೆ ಬಂದಿದ್ರೆ ಆಯ್ತಲ್ಲ, ಹೊರಡಿ. ಓದಿ ಹೇಳೋಕೆ ಆಗತ್ತೆ ಅನ್ನೋದಾದ್ರೆ ಕೂತ್ಕೊಳ್ಳಿ" ಅಂದೆ. ಕುರ್ಚಿ ಎಳೆದ ಸದ್ದು ಕೇಳಿಸಿತು.

ಅವರ ಓದು ಹೇಗಿರುತ್ತದೆಂದು ನೀನೇ ಊಹಿಸಿಕೋ. ಜೀವಮಾನವೆಲ್ಲ ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತವರು. ನಾಯಕ ನಾಯಕಿಯ ಕೈ ಹಿಡಿದರೆ, ಎರಡನೇ ಪ್ಲಾಟ್‌ಫಾರಂನಲ್ಲಿ ಹಿಡಿದ ಹಾಗೆ ಕೇಳಿಸುತ್ತದೆ. (ಇಲ್ಲಿ ಕೆಮ್ಮಿದರು. ಅದನ್ನೂ ಬರೀರಿ ಅಂದೆ.) ಆದರೆ ಮರೀ, ಆ ದನಿ ಯಾರ ಪರವೂ ಅಲ್ಲ. ಗಾಳಿ ಬೀಸಿದರೆ ಬೀಸಿತು ಅನ್ನುತ್ತದೆ, ಯಾರಾದರೂ ಸತ್ತರೆ ಸತ್ತರು ಅನ್ನುತ್ತದೆ. ಅಳುವುದು, ನಗುವುದು, ಬೈಯುವುದು ಎಲ್ಲ ನನ್ನ ಪಾಲಿಗೆ ಬಿಟ್ಟದ್ದು. ಯಾವ ಪುಸ್ತಕವನ್ನೂ ನಾನು ಇಷ್ಟು ಮೈಯೆಲ್ಲ ಕಿವಿಯಾಗಿ ಓದಿದವಳಲ್ಲ.

ಮೊದಲು ಒಂದು ಸಣ್ಣಕಥೆ. ಗಣಿ ಮುಚ್ಚಿ ಊರೆಲ್ಲ ಖಾಲಿಯಾದ ಮೇಲೂ ಒಬ್ಬ ಕ್ಷೌರಿಕ ದಿನಾ ಅಂಗಡಿ ತೆರೆದು, ಕನ್ನಡಿ ಒರೆಸಿ, ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತು ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಇವನಿಗೆ ತಲೆ ಕೆಟ್ಟಿದೆ ಎಂದು ಬರೆಸುತ್ತಿದ್ದೆ. ಅಪ್ಪ ಪೆನ್ನು ನಿಲ್ಲಿಸಿ, "ಕೊನೇ ಟ್ರೈನು ಖಾಲಿ ಬಂದ್ರೂ ನಾವು ಅನೌನ್ಸ್ ಮಾಡ್ತೀವಿ" ಅಂದರು. "ನಿಮ್ಮನ್ನ ಯಾರು ಕೇಳಿದ್ರು?" ಅಂದೆ. "ಬಾಗಿಲು ತೆಗೆಯೋದು ಅವನ ಕೆಲಸ, ಬರೋದು ಬಿಡೋದು ಊರಿನೋರ ಕೆಲಸ" ಅಂದರು. ಮಾತಿಗೆ ಮಾತು ಬೆಳೆಯಿತು. ಆಮೇಲೆ ಹೊಳೆಯಿತು ನೋಡು, ಆ ಜಗಳವನ್ನೇ ಇದ್ದಹಾಗೆ ಬರೆಸಿ ಕಳಿಸಿದೆ. ಮೊಟ್ಟಮೊದಲ ಸಲ ಮೇಡಂ 'ನೀವೆಲ್ಲಿ' ಎಂದು ಕೇಳಲಿಲ್ಲ. ನನಗೆ ಬಂದ ಹುರುಪು ಎಂಥದ್ದೆಂದರೆ, ಮಾರನೆಯ ದಿನ ಅವರ ಡ್ಯೂಟಿ ಮುಗಿಯುವ ಹೊತ್ತಿಗೆ ಹೊಸ ಪುಸ್ತಕವನ್ನು ಕುರ್ಚಿಯ ಮೇಲೆ ತೆರೆದೇ ಇಡಿಸಿದ್ದೆ.

ಅದೊಂದು ಕಾದಂಬರಿ. ಅಗಲವಾದ ನದಿ, ಜನರನ್ನು ದಾಟಿಸುವ ಒಬ್ಬ ಹೆಂಗಸು. ಗಂಡ ಬೆಳ್ಳಿ ಅಗೆಯಲು ಹೋಗುತ್ತೇನೆ, ಚಳಿಗಾಲದೊಳಗೆ ಬಂದುಬಿಡುತ್ತೇನೆ ಅಂದವನು ಬರಲೇ ಇಲ್ಲ. ಅವಳು ಹುಟ್ಟು ಹಾಕುವುದನ್ನು ಕಲಿತಳು, ಸುಳಿ ಎಲ್ಲಿದೆಯೆಂದು ಕಲಿತಳು. ಆಚೆ ದಡದಲ್ಲಿ ಒಂದು ಗಂಟೆ ಕಟ್ಟಿದೆ. ಯಾರು ಬಾರಿಸಿದರೂ ಹೋಗಿ ಕರೆತರುತ್ತಾಳೆ. ಪ್ರವಾಹದ ಅಧ್ಯಾಯ ಕೇಳುವಾಗ ನಾನು ಮಂಚದ ಅಂಚನ್ನು ಹಿಡಿದುಕೊಂಡಿದ್ದೆ. "ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ" ಅನ್ನುತ್ತಾ ಅವರ ಕೊನೆಯ ಬಸ್ಸನ್ನೂ ತಪ್ಪಿಸಿದೆ. ಪಾಪ, ಸ್ಟೇಷನ್ನಿನ ಹಿಂದಿನ ತಮ್ಮ ರೂಮಿನವರೆಗೆ ನಡೆದೇ ಹೋದರು.

ಕೊನೆಯಲ್ಲಿ ಗಂಡ ಬರುತ್ತಾನೆ. ಆಚೆ ದಡದಲ್ಲಿ ನಿಂತು ಗಂಟೆ ಬಾರಿಸುತ್ತಾನೆ. ಅವಳು ಅವನ ಗುರುತು ಹಿಡಿಯುತ್ತಾಳೆ. ದೋಣಿಯ ಹಗ್ಗ ಬಿಚ್ಚುತ್ತಾಳೆ. "ಮುಗೀತು" ಎಂದು ಅಪ್ಪ ಪುಸ್ತಕ ಮುಚ್ಚಿದರು.

ನನಗೆ ಮೈ ಉರಿದುಹೋಯಿತು. ಒಂದು ಗಂಟೆಯ ಸದ್ದಿಗೆ ಕರಗುವುದಕ್ಕೆ ಇವಳು ಇಷ್ಟೆಲ್ಲ ಹುಟ್ಟು ಹಾಕಬೇಕಿತ್ತೇ, ಲೇಖಕಿ ಇಡೀ ಪುಸ್ತಕ ಕಹಿ ಔಷಧಿ ಕುಡಿಸಿ ಕೊನೆಗೆ ಬಾಯಿಗೆ ಸಕ್ಕರೆ ಹಾಕಿದ್ದಾಳೆ, ಅವಳಿಗೆ ಧೈರ್ಯ ಸಾಲಲಿಲ್ಲ ಎಂದು ಬರೆಸಿದೆ. ಅಪ್ಪ ತುಟಿ ಪಿಟಕ್ಕೆನ್ನದೆ ಬರೆದುಕೊಂಡರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೊನ್ನೆ ಶುಕ್ರವಾರ ಮೇಡಂ ಫೋನ್ ಮಾಡಿದರು. ಸ್ಪೀಕರ್ ಹಾಕಿ ಫೋನು ಹಿಡಿದುಕೊಂಡವರು ಅಪ್ಪನೇ. "ನಿಮ್ಮ ಸಿಟ್ಟು ನಂಗೆ ಇಷ್ಟ ಆಯ್ತು" ಅಂದರು ಮೇಡಂ. "ಆದ್ರೆ ಒಂದು ಅನುಮಾನ. ನಿಮ್ಮ ಪುಸ್ತಕದ ಕೊನೇ ಹಾಳೆ ಹರಿದು ಹೋಗಿದ್ಯಾ? ಹಗ್ಗ ಬಿಚ್ಚಿದ ಮೇಲೆ ಇನ್ನೂ ಒಂದು ಪುಟ ಇದೆ, ಅಲ್ಲಿ ಅವಳು..." "ಹೇಳ್ಬೇಡಿ ಮೇಡಂ" ಎಂದು ಕೂಗಿಕೊಂಡೆ. "ನಾನು ಓದಿಸ್ಕೊಳ್ತೀನಿ." ಸೋಮವಾರದೊಳಗೆ ಹೊಸದಾಗಿ ಬರೆದು ಕೊಡಿ, ಇಲ್ಲದಿದ್ದರೆ ಇದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ ಅಂದರು.

ಫೋನಿಟ್ಟ ಮೇಲೆ, "ಯಾಕ್ರೀ?" ಅಂದೆ. "ಹಗ್ಗ ಬಿಚ್ಚಿದ್ಲಲ್ಲ. ಅಷ್ಟು ಸಾಕು ಅನ್ನಿಸ್ತು" ಅಂದರು. "ಯಾರಿಗೆ ಸಾಕು?" ಅಂದೆ.

ಮರೀ, ಮುಂದಿನದನ್ನು ಅವರ ಕೈಯಲ್ಲೇ ಬರೆಸುತ್ತಿದ್ದೇನೆ. ಕಹಿ ಪುಟ ಬಂದಾಗ ಪುಸ್ತಕ ಮುಚ್ಚುವುದು ಅವರ ಹಳೆಯ ಅಭ್ಯಾಸ. ಇಲಾಖೆಯವರು ದೂರದ ಊರಿಗೆ ಎತ್ತಿ ಹಾಕಿದರು ಎಂದು ನಮ್ಮಿಬ್ಬರಿಗೂ ಹೇಳಿ ಹೊರಟರಲ್ಲ, ಆ ವರ್ಗಾವಣೆಯನ್ನು ಕೇಳಿ ಪಡೆದವರು ಅವರೇ. ಮನೆಯಲ್ಲಿ ಉಸಿರುಗಟ್ಟುತ್ತಿದೆ ಎಂದು ನನ್ನ ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆ. ಆದರೆ ನನಗೆ ಅದು ಗೊತ್ತಾದದ್ದು ಕೌಂಟರಿನಲ್ಲಿ, ಸ್ಟೇಷನ್ ಮಾಸ್ಟರ ಹೆಂಡತಿಗೆ ಕೆಮ್ಮಿನ ಔಷಧಿ ಕೊಡುವಾಗ. ಅವರು ವಾಪಸ್ ಈ ಊರಿಗೆ ಬಂದ ಮೇಲೂ ನಾನು ಬಾಗಿಲು ತೆರೆಯಲಿಲ್ಲ. ನೀನೂ ಮಾತು ಬಿಟ್ಟೆ. (ಪೆನ್ನು ನಿಂತಿತ್ತು. ಈಗ ಮತ್ತೆ ಹೊರಟಿದೆ.)

"ಓದಿ" ಅಂದೆ. "ಪೂರ್ತಿ. ಇಲ್ದಿದ್ರೆ ನಾಳೆಯಿಂದ ಮೇಲಿನ ಮನೆ ಹುಡುಗೀನೇ ಸಾಕು. ಅವಳು ಕೇಳಿಯಾದ್ರೂ ಹಾರಿಸ್ತಾಳೆ."

ಓದಿದರು. ಅದೇ ಪ್ಲಾಟ್‌ಫಾರಂ ದನಿ. ಅವಳು ಆಚೆ ದಡಕ್ಕೆ ಹೋಗಿ ಅವನನ್ನು ದೋಣಿಗೆ ಹತ್ತಿಸಿಕೊಳ್ಳುತ್ತಾಳೆ. ನಡುನೀರಿನಲ್ಲಿ ಅವನು ತನ್ನ ವರ್ಷಗಳ ಕಥೆ ಶುರುಮಾಡಿದರೆ, ಇಲ್ಲಿ ಸುಳಿಯಿದೆ, ಅಲುಗಾಡಬೇಡ ಅನ್ನುತ್ತಾಳೆ. ಈಚೆ ದಡದಲ್ಲಿ ಅವನು ಇಳಿದಾಗ, ಎಲ್ಲರ ಮುಂದೆ ಚಾಚುವ ಹಾಗೆ ಬಾಡಿಗೆಗೆ ಕೈ ಚಾಚುತ್ತಾಳೆ. ಅಷ್ಟರಲ್ಲಿ ಆಚೆ ದಡದಲ್ಲಿ ಇನ್ಯಾರೋ ಗಂಟೆ ಬಾರಿಸುತ್ತಾರೆ. ಅವಳು ದೋಣಿ ತಿರುಗಿಸುತ್ತಾಳೆ. ಅವನು ಮನೆಯ ಕಡೆ ನಡೆದನೋ, ರಸ್ತೆಯ ಕಡೆ ನಡೆದನೋ, ಪುಸ್ತಕ ಹೇಳುವುದಿಲ್ಲ.

ಎಂಥ ಕೊನೆ ಮರೀ. ಎದ್ದು ಕುಣಿಯಬೇಕೆನ್ನಿಸಿತು, ತಲೆ ಎತ್ತುವಂತಿಲ್ಲವಾದ್ದರಿಂದ ಕಾಲು ಮಾತ್ರ ಅಲ್ಲಾಡಿಸಿದೆ. ಲೇಖಕಿಯ ಕ್ಷಮೆ ಕೇಳಿ ಆಗಲೇ ಹೊಸದನ್ನು ಬರೆಸಿದೆ. ಅವಳು ಕರಗಲೂ ಇಲ್ಲ, ಅವನನ್ನು ಆಚೆ ದಡದಲ್ಲಿ ಕಾಯಿಸಲೂ ಇಲ್ಲ. ದಾಟಿಸುವುದು ಅವಳ ಕೆಲಸ, ದಾಟಿಸಿದಳು. ಆಮೇಲೆ ನಡೆಯಬೇಕಾದವನು ಅವನು. ಅಷ್ಟು ಬರೆಸಿ, ಅದರ ಕೆಳಗೆ, ನನಗೆ ಈ ಪುಟವನ್ನು ಓದಿ ಹೇಳಿದವರು ಯಾರು, ಮೊದಲು ಯಾಕೆ ಬಿಟ್ಟಿದ್ದರು ಎಂಬುದನ್ನೂ ಬರೆಸಿದೆ. ಅವರು ಬೇಡ ಅನ್ನಲಿಲ್ಲ. ನಿನ್ನೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದನ್ನು ಮೇಡಂ ಮನೆಗೆ ಕೊಟ್ಟೆವು. ಸಂಜೆಯೇ ಫೋನು ಬಂತು. ಈ ತಿಂಗಳ ಕೊನೆಯ ಶುಕ್ರವಾರ ಅದನ್ನು ಇಡೀ ತರಗತಿಗೆ ಓದಿ ಹೇಳಬೇಕಂತೆ. ನನ್ನ ಕಣ್ಣಿನ ಕಾರಣಕ್ಕೆ, ಬರೆದವರೇ ಓದಲಿ ಅಂದರು. ಅಂದರೆ ಅಪ್ಪ ಓದುತ್ತಾರೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಔಷಧಿ ಅಂಗಡಿಯ ಮಾಲೀಕರು, "ಮೈಕ್ ಬೇಡ ಬಿಡಿ, ಊರಿಗೆಲ್ಲ ಕೇಳ್ಸತ್ತೆ" ಅಂದಿದ್ದಾರೆ.

ನೀನು ಬರಬೇಕು. ಅಪ್ಪನನ್ನು ಕ್ಷಮಿಸು ಅನ್ನುತ್ತಿಲ್ಲ, ನಾನೇ ಇನ್ನೂ ಆ ಮಾತು ಆಡಿಲ್ಲ. ಅವರು ಇಲ್ಲಿಗೆ ಬಂದು ಇರಲಿ ಎಂದೂ ನಾನು ಹೇಳಿಲ್ಲ, ಅವರೂ ಕೇಳಿಲ್ಲ. ಓದು ಮುಗಿದ ಮೇಲೆ ಬಸ್ಸಿಗೆ ಹೋಗುತ್ತಾರೆ. ಆದರೆ ಅವರು ಒಂದು ಪುಟವನ್ನು ಹಾರಿಸದೆ ಓದುವುದನ್ನು ನೀನು ಒಂದು ಸಲ ಕೂತು ಕೇಳಬೇಕು. ಹಿಂದಿನ ಬೆಂಚಾದರೂ ಸರಿ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಈ ಸೊಟ್ಟ ಅಕ್ಷರ ನನ್ನದೇ. ಅಪ್ಪ ಅಂಚೆ ಚೀಟಿ ತರಲು ಭಾನುವಾರವೂ ತೆರೆದಿರುವ ಸ್ಟೇಷನ್ನಿನ ಅಂಚೆ ಕೌಂಟರಿಗೆ ಹೋಗಿದ್ದಾರೆ, ಬೇಗ ಬರೆಯಬೇಕು. ನಿನ್ನೆ ಡಾಕ್ಟರು ಕಣ್ಣು ನೋಡಿ, ಇನ್ನು ತಲೆ ಎತ್ತಬಹುದು, ದಿನಾ ಸ್ವಲ್ಪ ಸ್ವಲ್ಪ ಓದಬಹುದು ಅಂದರು. ಆಗ ಅಪ್ಪ ಆಟೋ ಹುಡುಕಲು ಹೊರಗೆ ಹೋಗಿದ್ದರು. ಏನಂದ್ರು ಎಂದು ಕೇಳಿದಾಗ, ಓದೋದು ಬರೆಯೋದು ಮುಂದಿನ ತಿಂಗಳವರೆಗೆ ಬೇಡ ಅಂದ್ರು ಅಂದೆ. ಇವತ್ತು ಬೆಳಿಗ್ಗೆ ಅವರು ಬರುವ ಮುಂಚೆ ಮೊದಲು ತೆರೆದದ್ದು ಆ ಕೊನೆಯ ಪುಟವನ್ನು. ಶುಕ್ರವಾರ ಕೇಳಿದ್ದು ಇನ್ನೂ ಕಿವಿಯಲ್ಲೇ ಇತ್ತು, ಸಾಲಿಗೆ ಸಾಲು ಇಟ್ಟು ನೋಡಿದೆ. ಒಂದು ಪದ ಬಿಟ್ಟಿಲ್ಲ, ಒಂದು ಪದ ಸೇರಿಸಿಲ್ಲ. ಮುಂದಿನ ಪುಸ್ತಕ ಇದಕ್ಕಿಂತ ದಪ್ಪ ಇದೆ. ನೀನು ಬಂದಾಗ ಅಪ್ಪನ ಹತ್ತಿರ ಡಾಕ್ಟರ ವಿಷಯ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾತಾಡು.