ಯಾವ ವಲಯಕ್ಕೂ ಸೇರದ ಅಜ್ಜ

ಸಾಲ್ತಿವ್ಕಾ, ಖಾರ್ಕಿವ್
ಶುಕ್ರವಾರ, ಜೂನ್ 10, 2016

ಪ್ರೀತಿಯ ಅಜ್ಜೀ,

ಮಂಡಿನೋವು ಹೇಗಿದೆ? ಪ್ರೀಸ್ಯಾ ಚಿಕ್ಕಜ್ಜಿಯ ಮನೆಯ ನೆಲಮಾಳಿಗೆಗೆ ದಿನಕ್ಕೆ ಎಷ್ಟು ಸಲ ಇಳಿದು ಹತ್ತುತ್ತಿದ್ದೀಯೋ ಎಂದು ಯೋಚನೆಯಾಗುತ್ತದೆ. ಹೊರಡುವ ಸಿಟ್ಟಿನಲ್ಲಿ ರಕ್ತದೊತ್ತಡದ ಮಾತ್ರೆಗಳನ್ನು ಅಡುಗೆಮನೆ ಕಿಟಕಿಯಲ್ಲೇ ಬಿಟ್ಟುಹೋಗಿದ್ದೀಯ. ಅವನ್ನೂ ಈ ಕಾಗದವನ್ನೂ ನಾಳೆ ಬೆಳಗಿನ ಪೊಲ್ತಾವಾ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸುತ್ತೇನೆ. ನನ್ನ ಫೋನನ್ನಂತೂ ನೀನು ಎತ್ತುತ್ತಿಲ್ಲ. ಅಜ್ಜ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ ಎಂಬ ಗುಮಾನಿ ನಿನಗೆ. ಗುಮಾನಿ ಸರಿಯಾಗಿಯೇ ಇದೆ.

ಬಾಲ್ಕನಿಯ ಟೊಮೇಟೊ ಗಿಡಗಳು ಚೆನ್ನಾಗಿವೆ. ಅಜ್ಜ ದಿನಾ ಆಲೂಗಡ್ಡೆ ಹುರಿಯುತ್ತಾರೆ, ಅರ್ಧ ಸೀಯುತ್ತದೆ, ಇಬ್ಬರೂ ಅದನ್ನೇ ತಿನ್ನುತ್ತೇವೆ. ಕೆಳಮನೆಯ ಜಿನಾಯ್ದಾ ಅಜ್ಜಿ ಬಾಗಿಲ ಬೆಂಚಿನಲ್ಲಿ ಕೂತು ನನ್ನನ್ನು ಕಂಡಾಗಲೆಲ್ಲ, "ಏನೇ ವಾರ್ಯಾ, ನಿಮ್ಮಜ್ಜಿ ಪೊಲ್ತಾವಾದಲ್ಲೇ ಯಾರನ್ನಾದ್ರೂ ನೋಡ್ಕೊಂಡ್ಳಾ?" ಎನ್ನುತ್ತಾಳೆ. ನಾನು ನೆಲ ನೋಡುತ್ತಾ ಒಳಗೆ ಓಡುತ್ತೇನೆ. ನಿನಗೆ ಗೊತ್ತಲ್ಲ, ನನಗೆ ಉತ್ತರ ಹೊಳೆಯುವುದು ಮೂರನೇ ಮಹಡಿ ಹತ್ತಿದ ಮೇಲೆ.

ಆ ಭಾನುವಾರದ ಊಟ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ ಅಜ್ಜೀ. ನಗರದ ವಲಯಗಳಿಗೆ ಹೊಸ ಹೆಸರು ಬಂದ ಪಟ್ಟಿಯನ್ನು ಅಜ್ಜ ಪೇಪರಿನಿಂದ ಜೋರಾಗಿ ಓದುತ್ತಿದ್ದರು. ಓದುತ್ತಾ ಓದುತ್ತಾ ಟ್ರಾಕ್ಟರ್ ಕಾರ್ಖಾನೆಯ ಕಡೆಯ ವಲಯ ಬಂದಾಗ ಕನ್ನಡಕ ಮೇಲೇರಿಸಿ, "ನೋಡು ಮೆಲಾಸ್ಯಾ, ನನ್ನ ವಲಯ ಇನ್ಮೇಲೆ ಇಂಡಸ್ಟ್ರಿಯಾಲ್ನಿ ಅಂತೆ" ಎಂದುಬಿಟ್ಟರು. ನೀನು ಸೌಟನ್ನು ಪಾತ್ರೆಗೆ ಹಾಕಿದ ಸದ್ದಿಗೇ ನನಗೆ ಭಯವಾಗಿತ್ತು. "ನಲವತ್ತೊಂದು ವರ್ಷ ಈ ಮೇಜಲ್ಲಿ ನನ್ನ ಬೋರ್ಷ್ ಸಾರು ಕುಡಿದಿದ್ದೀಯ, ಈಗ ನಿನ್ನ ವಲಯ ಊರಾಚೆ ತುದೀಲಿದೆಯಾ? ಹೋಗು, ಅಲ್ಲೇ ಹೋಗಿ ಉಣ್ಣು!" ಎಂದೆ. ಅಜ್ಜ ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. "ಕಾಗದದಲ್ಲಿ ಹಾಗಿದೆ ಅಂದೆ ಅಷ್ಟೆ" ಎಂದರು. ಆಗ ನೀನು ತಣ್ಣಗೆ, "ಕಾಗದದಲ್ಲಿ ನಾನೂ ನಿಂಗೆ ಯಾರೂ ಅಲ್ಲ ಪ್ಲಾತೋನ್" ಎಂದು ಏಪ್ರನ್ ಬಿಚ್ಚಿದೆ.

ನೀವಿಬ್ಬರೂ ಕಾಗದದಲ್ಲಿ ಗಂಡ ಹೆಂಡತಿಯಲ್ಲ ಎಂಬುದು ನನಗೆ ಗೊತ್ತಾದದ್ದೇ ಆಗ. ಉಳಿದದ್ದನ್ನು ಜಿನಾಯ್ದಾ ಅಜ್ಜಿಯೇ ಬಿಡಿಸಿ ಹೇಳಿದಳು. ಆಗಿನ ನಿಯಮದಂತೆ ಅಜ್ಜನ ತಾಯಿ ತೀರಿಕೊಂಡರೆ ಟ್ರಾಕ್ಟರ್ ಕಾರ್ಖಾನೆಯವರು ಆಕೆಗೆ ಕೊಟ್ಟಿದ್ದ ಕೋಣೆಯನ್ನು ವಾಪಸು ತೆಗೆದುಕೊಳ್ಳುತ್ತಾರೆ, ಮಗ ಅದೇ ವಿಳಾಸದಲ್ಲಿ ನೋಂದಾಯಿತನಾಗಿದ್ದರೆ ಮಾತ್ರ ಕೋಣೆ ಉಳಿಯುತ್ತದೆ, ಹೆಂಡತಿಗೆ ಮನೆಯಿರುವವನನ್ನು ಅಲ್ಲಿ ನೋಂದಾಯಿಸುವುದಿಲ್ಲ. ಅದಕ್ಕೆ 1975ರಲ್ಲಿ ನೀವು ಹೋಗಿ ಕಾಗದದ ವಿಚ್ಛೇದನ ಮಾಡಿಸಿಕೊಂಡು, ಬರುವ ದಾರಿಯಲ್ಲಿ ಐಸ್‌ಕ್ರೀಮ್ ತಿಂದು, ಒಟ್ಟಿಗೇ ಟ್ರಾಮ್ ಹತ್ತಿ ಮನೆಗೆ ಬಂದಿರಂತೆ. "ಆಗ ಅರ್ಧ ಊರೇ ಹಾಗೆ ಮಾಡ್ತಿತ್ತು ಕಣೇ. ಒಂದು ವರ್ಷದಲ್ಲಿ ಮತ್ತೆ ಮದುವೆ ಆಗ್ತೀವಿ ಅಂದಿದ್ರು. ಮುದುಕಿ ಇಪ್ಪತ್ತು ವರ್ಷ ಬದುಕಿದ್ಳು!" ಎಂದು ಜಿನಾಯ್ದಾ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅಜ್ಜ ವೈದ್ಯರನ್ನು ನೋಡಲು, ಮತ ಹಾಕಲು, ಯಾವ ಸಣ್ಣ ಚೀಟಿಗೂ ಮೆಟ್ರೊದಲ್ಲಿ ಊರು ದಾಟಿ ಹೋಗುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ಬುಧವಾರ ಅಜ್ಜ ಬೆಳಿಗ್ಗೆಯೇ ಗಡ್ಡ ಹೆರೆದು ಕೋಟು ಹಾಕಿಕೊಂಡು, "ಸಾಹಿತ್ಯ ಓದಿದವಳು, ಒಂದು ಅರ್ಜಿ ಬರೆಯೋಕಾದ್ರೂ ಉಪಯೋಗಕ್ಕೆ ಬಾ" ಎಂದು ನನ್ನನ್ನು ಹೊರಡಿಸಿದರು. ಮೊದಲು ಆ ಕೋಣೆಗೆ ಹೋದೆವು. ಒಳಗೆ ಮುತ್ತಜ್ಜಿಯ ಹೊಲಿಗೆ ಯಂತ್ರ, ಸೀಟಿಲ್ಲದ ಸೈಕಲ್, ನಿನ್ನ ಖಾಲಿ ಜಾಡಿಗಳು. ಅಜ್ಜ ಕಿಟಕಿ ತೆರೆದರು, ಹೊರಗೆ ನೋಡಿದರು, ಮತ್ತೆ ಮುಚ್ಚಿದರು. ಅಷ್ಟೇ. ಆಮೇಲೆ ವಲಯ ಕಚೇರಿ. ಹೊಸ ಹೆಸರಿನ ಫಲಕ ಹಳೆಯದಕ್ಕಿಂತ ಗಿಡ್ಡ. ಅದರ ಎರಡೂ ಬದಿಗೆ ಹಳೆಯ ಫಲಕದ ಗುರುತು ಗೋಡೆಯ ಮೇಲೆ ಬಿಳುಪಾಗಿ ಉಳಿದಿತ್ತು.

ಕಿಟಕಿಯ ಆಚೆ ಕೂತಿದ್ದ ಹೆಂಗಸು ಅಜ್ಜನ ಗುರುತಿನ ಪಾಸ್‌ಪೋರ್ಟ್ ತಿರುವಿ, "ತಾತಾ, ಇಲ್ಲಿಂದ ಹೆಸರು ತೆಗೆದು ಎಲ್ಲಿಗೆ ಹಾಕಿಸ್ಕೋತೀರಿ?" ಎಂದಳು. "ಹೆಂಡತಿ ಮನೆಗೆ" ಎಂದರು ಅಜ್ಜ. "ಮದುವೆ ಪುಟ ಖಾಲಿ ಇದೆಯಲ್ಲ! ಎಲ್ಲಿದ್ದಾಳೆ ಹೆಂಡತಿ?" "ಪೊಲ್ತಾವಾದಲ್ಲಿ. ಮುನಿಸ್ಕೊಂಡಿದಾಳೆ." ಸಾಲಿನಲ್ಲಿದ್ದವರೆಲ್ಲ ನಕ್ಕರು, ನನ್ನ ಕಿವಿ ಬಿಸಿಯಾಯಿತು. ಅಜ್ಜ ನಗಲಿಲ್ಲ. ಇಲ್ಲಿಂದ ಹೆಸರು ತೆಗೆಸಿದರೆ ಕೋಣೆ ಹೋಗುತ್ತದಲ್ಲವೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಆ ಹೆಂಗಸು ಅವರನ್ನು ವಿಚಿತ್ರವಾಗಿ ನೋಡಿ, "ಅದು ನಿಮ್ಮ ಸ್ವಂತ ಆಗಿ ಇಪ್ಪತ್ತು ವರ್ಷ ಆಯ್ತು ತಾತಾ. ಒಡೆತನದ ಪತ್ರಕ್ಕೆ ನೀವೇ ಸಹಿ ಹಾಕಿದೀರಿ. ಇಲ್ಲಿ ನೋಂದಣಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದಳು.

ಅಜ್ಜನ ಮುಖವನ್ನು ನೀನು ನೋಡಬೇಕಿತ್ತು. ಇಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು. ಕೋಣೆ ಕಾಯಲೆಂದು ಊರ ತುದಿಯಲ್ಲಿ ಬಿಟ್ಟಿದ್ದ ತಮ್ಮ ಹೆಸರಿಗೆ ಇಪ್ಪತ್ತು ವರ್ಷದಿಂದ ಅಲ್ಲಿ ಕೆಲಸವೇ ಇರಲಿಲ್ಲ. ಮನೆಗೆ ಕರೆತರುವುದನ್ನು ಮರೆತಿದ್ದರು, ಅಷ್ಟೆ.

"ಆದ್ರೆ ಆ ಮನೆ ಒಡತಿ ಖುದ್ದಾಗಿ ಬಂದು ಒಪ್ಪಿಗೆ ಕೊಡಬೇಕು. ಮೊದಲು ಕೇಳ್ಕೊಂಡು ಬನ್ನಿ. ಬೇಡ ಅಂದುಬಿಟ್ರೆ ನೀವು ಎಲ್ಲಿಯವರೂ ಅಲ್ಲ" ಎಂದು ಆಕೆ ಎಚ್ಚರಿಸಿದಳು. ನಾನೂ ಅಜ್ಜನ ತೋಳು ಜಗ್ಗಿದೆ. "ಒತ್ತಮ್ಮ ಮುದ್ರೆ" ಎಂದರು. ಒತ್ತಿದಳು.

ಅಲ್ಲಿಂದ ಆಸ್ಪತ್ರೆಗೆ ಹೋಗಿ ತಮ್ಮ ಚಿಕಿತ್ಸೆಯ ದಪ್ಪ ಕಡತವನ್ನೂ ಕೇಳಿ ಪಡೆದರು. ದಾರಿಯುದ್ದಕ್ಕೂ ಅದನ್ನು ಬಲೆಚೀಲದಲ್ಲಿ ಎಲೆಕೋಸಿನ ಹಾಗೆ ಹಿಡಿದುಕೊಂಡು ಬಂದರು. ಇಲ್ಲಿನ ಆಸ್ಪತ್ರೆಯವರು ವಿಳಾಸದ ಮುದ್ರೆಯಿಲ್ಲದೆ ಅದನ್ನು ತೆಗೆದುಕೊಳ್ಳುವುದಿಲ್ಲವಂತೆ. ಕಡತ ಈಗ ಪಾತ್ರೆಗಳ ಕಪಾಟಿನಲ್ಲಿದೆ. ಅಜ್ಜನ ಹೃದಯದ ಮಾತ್ರೆ ಇನ್ನು ಹನ್ನೊಂದು ದಿನಕ್ಕೆ ಸಾಕು, ಎಣಿಸಿದ್ದೇನೆ. ಮೆಟ್ರೊದಲ್ಲಿ ಬರುವಾಗ ಅಜ್ಜ, "ಅವಳು ಕೇಳಿದ್ದು ವಲಯ ಅಲ್ಲ ವಾರ್ಯಾ" ಎಂದರು.

ಅಜ್ಜೀ, ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ನಿನ್ನ ಕಡೆಯೇ ಇದ್ದೇನೆ. ಆದರೆ ಹಠಮಾರಿ ಮನುಷ್ಯ ಒಪ್ಪಿಗೆ ಕೇಳುವ ಮೊದಲೇ ಕಾಲಿನ ಕೆಳಗಿನ ನೆಲವನ್ನು ತಾನೇ ತೆಗೆದುಹಾಕಿ ನಿಂತದ್ದನ್ನು ನೋಡಿದೆ. ಅದನ್ನು ನಿನಗೆ ಹೇಳದಿರಲು ಆಗಲಿಲ್ಲ.

ಪ್ರೀಸ್ಯಾ ಚಿಕ್ಕಜ್ಜಿಗೆ ನನ್ನ ಮುತ್ತು. ಅವರ ಚೆರ್ರಿ ಮರಕ್ಕೆ ಈ ವರ್ಷ ಹಕ್ಕಿಗಳ ಕಣ್ಣು ತಾಗದಿರಲಿ. ನೆಲಮಾಳಿಗೆಗೆ ಇಳಿಯುವಾಗ ಮಂಡಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ.

ನಿನ್ನ
ವಾರ್ಯಾ

ಮತ್ತೆ ಸೇರಿಸಿದ್ದು: ಶನಿವಾರ, ಬೆಳಿಗ್ಗೆ ಆರೂವರೆ. ಬಸ್ ನಿಲ್ದಾಣಕ್ಕೆ ಹೊರಡೋಣ ಎಂದು ನೋಡಿದರೆ ಅಜ್ಜ ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಚಾಲಕನ ಕೈಗೆ ಯಾಕೆ, ನನ್ನ ಕೈಗೆ ಕೊಡು" ಎನ್ನುತ್ತಿದ್ದಾರೆ. ಪಾಸ್‌ಪೋರ್ಟಿನೊಳಗೆ ಮದುವೆ ಅರ್ಜಿಯ ನಮೂನೆ ಇದೆ. ತಮ್ಮ ಹೆಸರನ್ನು ನನ್ನಿಂದ ಬರೆಸಿಕೊಂಡು, ನಿನ್ನ ಜಾಗವನ್ನು ಖಾಲಿ ಬಿಡಿಸಿದ್ದಾರೆ. ಈ ಲಕೋಟೆಯನ್ನು ಚಿಕ್ಕಜ್ಜಿಯ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಒಳಗೆ ಬರುವುದಿಲ್ಲವಂತೆ. ಅಂದರೆ ಈಗ ಗೇಟಿನ ಹೊರಗೆ ನಿಂತಿರುತ್ತಾರೆ. ಏನೂ ತಿನ್ನದೆ ಹೊರಟಿದ್ದಾರೆ ಅಜ್ಜೀ.